ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟ ಲಗ್ನಪತ್ರಿಕೆ

ಮೊನ್ನೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಹೊಳೆನರಸೀಪುರದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ನಮ್ಮ ಹಿಂದಿನ ಬೀದಿಯ ಗುಮಾಸ್ತರೊಬ್ಬರು ಜನರ ನಡುವೆ ನುಗ್ಗಿಕೊಂಡು ಬಂದು, ಬ್ಯಾಗಿಗೆ ಕೈ ಹಾಕಿ, ಮಗಳ ಮದುವೆಯ ಪತ್ರಿಕೆ ತೆಗೆದು ನನ್ನ ಕೈಗಿಟ್ಟರು. "ಮನೆಗೇ ಬರೋಣ ಅಂತಿದ್ದೆ ಸಾ, ಇಲ್ಲೇ ಸಿಕ್ಕಿದ್ರಲ್ಲ, ಒಳ್ಳೇದೇ ಆಯ್ತು" ಅಂದರು. ಹೊಸ ಪತ್ರಿಕೆ. ನಾಲ್ಕು ಮೂಲೆಗೆ ಹಚ್ಚಿದ ಅರಿಶಿನ ಇನ್ನೂ ಪೂರ್ತಿ ಒಣಗಿರಲಿಲ್ಲ. ಅಚ್ಚಿನ ಮಸಿಯ ವಾಸನೆಯೂ ಹಸಿ ಅರಿಶಿನದ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು. ನನಗೇನಾಯಿತೋ ಕಾಣೆ, ಪತ್ರಿಕೆಯನ್ನು ಅವರ ಕೈಗೇ ತಿರುಗಿ ಕೊಟ್ಟು, "ಮನೆಗೆ ಬಂದು ಕೊಡಿ" ಅಂದುಬಿಟ್ಟೆ. ಪಾಪ, ಅವರ ಮುಖ ಸಣ್ಣದಾಯಿತು. ಮುದುಕನಿಗೆ ಎಷ್ಟು ಜಂಬ ನೋಡು ಅಂದುಕೊಂಡಿರುತ್ತಾರೆ. ಅಂದುಕೊಳ್ಳಲಿ ಬಿಡಿ.

ಆ ವಾಸನೆ ನನಗೆ ತೊಂಬತ್ತೆಂಟನೇ ಇಸವಿಯ ಬೇಸಿಗೆಯದು. ಮೂವತ್ತೈದು ವರ್ಷ ಪೋಸ್ಟ್‌ಮ್ಯಾನ್ ಕೆಲಸ ಮಾಡಿ, ಅದರ ಹಿಂದಿನ ವರ್ಷ ರಿಟೈರಾಗಿದ್ದೆ. ಹಾರ ಹಾಕಿ, ಶಾಲು ಹೊದಿಸಿ, ಗೋಡೆ ಗಡಿಯಾರ ಒಂದನ್ನು ಕೈಗೆ ಕೊಟ್ಟು, "ಇನ್ನು ಆರಾಮಾಗಿರಿ ಪುಟ್ಟಸ್ವಾಮಿ" ಎಂದು ಕಳಿಸಿದ್ದರು. ಆರಾಮಂತೆ ಆರಾಮು! ರಿಟೈರಾದವನ ಮನೆ ಅಂದರೆ ಛತ್ರ ಇದ್ದ ಹಾಗೆ, ಯಾರು ಬೇಕಾದರೂ ನುಗ್ಗಬಹುದು. ಬೆಳಿಗ್ಗೆ ಹಾಲು ತಂದು ಹಾಕುವಷ್ಟರಲ್ಲಿ ಎದುರು ಮನೆಯವರ ಗ್ಯಾಸ್ ಸಿಲಿಂಡರಿಗೆ ಹೆಸರು ಬರೆಸುವ ಕೆಲಸ ಬಂದಿರುತ್ತಿತ್ತು. ತಮ್ಮನ ಮಗನಿಗೆ ಹಾಸನದಿಂದ ಕಾಲೇಜಿನ ಅರ್ಜಿ ತರಬೇಕು. ಷಡ್ಡಕನಿಗೆ ಹೊಟ್ಟೆನೋವು ಅಂದರೆ ಆಸ್ಪತ್ರೆ ಬೆಂಚಿನ ಮೇಲೆ ದಿನವಿಡೀ ಕೂರಬೇಕು. ನಾಮಕರಣವೋ ತಿಥಿಯೋ ಗೃಹಪ್ರವೇಶವೋ, ನಮ್ಮ ಕಡೆಯಿಂದ ಒಬ್ಬರಾದರೂ ಮುಖ ತೋರಿಸಿ ಬರಬೇಕು ಅಂದರೆ ಆ ಒಬ್ಬರು ನಾನೇ. "ನೀವು ಹೆಂಗೂ ಫ್ರೀ ಇದೀರಲ್ಲ" ಅನ್ನುವ ಮಾತು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ.

ನನ್ನ ಜೊತೆಗೆ ಅಂತ ಇದ್ದವನು ನಂಜಪ್ಪ. ಪಕ್ಕದ ಬೀದಿಯವನು, ಬಸ್ ಡ್ರೈವರಾಗಿ ರಿಟೈರಾದವನು. ಬೆಳಿಗ್ಗೆ ಇಬ್ಬರೂ ಹೇಮಾವತಿ ಸೇತುವೆಯವರೆಗೆ ನಡೆದು, ವಾಪಸ್ಸು ಬರುವಾಗ ಹೋಟೆಲಿನಲ್ಲಿ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿಕೊಂಡು ಕುಡಿಯುವುದು. ಗೊರೂರು ಅಣೆಕಟ್ಟೆ ತುಂಬಿತು ಅಂದರೆ ಅವನ ಮೊಪೆಡ್ಡಿನ ಹಿಂದೆ ಕೂತು ನೀರು ನೋಡಲು ಹೋಗುವುದು. ಜೀವಮಾನವೆಲ್ಲ ಬಸ್ಸು ಓಡಿಸಿದವನಾದರೂ ಮೊಪೆಡ್ಡನ್ನು ಎತ್ತಿನ ಗಾಡಿಯ ಹಾಗೆ ಬಿಡುತ್ತಿದ್ದ. "ಲೋ ಪುಟ್ಸಾಮಿ, ಸರ್ವೀಸಲ್ಲಿದ್ದಾಗ ಭಾನ್ವಾರನಾದ್ರೂ ರಜ ಇತ್ತು ಕಣಯ್ಯ. ಈಗ ಅದೂ ಓಯ್ತು" ಅಂತ ಆಗಾಗ ಹೇಳುತ್ತಿದ್ದ. ಅದು ನಿಜವೇ ಆಗಿತ್ತು.

ಇಷ್ಟರ ಮಧ್ಯೆ ನನ್ನ ಮಗಳು ಸವಿತನಿಗೆ ಸಂಬಂಧ ಕೂಡಿಬಂತು. ಹುಡುಗ ಚನ್ನರಾಯಪಟ್ಟಣದವನು, ಹೈಸ್ಕೂಲು ಮೇಷ್ಟ್ರು. ವೈಶಾಖದಲ್ಲಿ ಮದುವೆ, ಹೊಳೆನರಸೀಪುರದ ಛತ್ರದಲ್ಲೇ. ಎಲ್ಲ ಸರಿಹೋಯಿತು ಅನ್ನುವಾಗ ಮನೆಯೊಳಗೆ ಒಂದು ಮಾತು ಎದ್ದಿತು. ಅದು ನನ್ನ ಅಕ್ಕನ ಮಾತು.

ನನಗಿದ್ದವಳು ಒಬ್ಬಳೇ ಅಕ್ಕ, ಚೆಲುವಮ್ಮ. ಹಳೇಕೋಟೆಯ ನಮ್ಮ ಮನೆಯಲ್ಲಿ ಅವ್ವ ತೀರಿಕೊಂಡಾಗ ನನಗೆ ಆರು ವರ್ಷ, ಅವಳಿಗೆ ಹದಿನಾಲ್ಕು. ನನ್ನನ್ನೂ ತಮ್ಮನನ್ನೂ ಸಾಕಿದ್ದು ಅವಳೇ. ಆಮೇಲೆ ಅವಳನ್ನು ಅರಕಲಗೂಡಿನ ಆಚೆ ಒಂದು ಹಳ್ಳಿಗೆ ಕೊಟ್ಟರು. ಬಸ್ಸಿಳಿದು ಎರಡು ಮೈಲಿ ನಡೆಯಬೇಕು. ನನಗೆ ಮೊದಲು ಕೆಲಸ ಆದದ್ದು ಅರಕಲಗೂಡಿನಲ್ಲೇ, ಹಾಗಾಗಿ ಮೂರು ವರ್ಷ ಅವಳ ಮನೆಯಲ್ಲೇ ಉಂಡುಕೊಂಡು ಇದ್ದೆ. ದಿನವೆಲ್ಲ ಕಾಗದ ಹಂಚಿ ಕಾಲು ಊದಿಸಿಕೊಂಡು ಬಂದರೆ ಹರಳೆಣ್ಣೆ ತಿಕ್ಕಿ ಬಿಸಿನೀರು ಹುಯ್ಯುತ್ತಿದ್ದಳು. ಸವಿತನ ಮದುವೆ ಗೊತ್ತಾಗುವ ಹೊತ್ತಿಗೆ ಭಾವ ತೀರಿಕೊಂಡು ಒಂದು ವರ್ಷವಾಗಿತ್ತು. ಅಲ್ಲಿಂದ ಅಕ್ಕ ಯಾವ ಶುಭಕಾರ್ಯಕ್ಕೂ ಮುಂದೆ ಬರುತ್ತಿರಲಿಲ್ಲ. ಬಂದರೂ ಅಡುಗೆಮನೆಯಲ್ಲೇ ತರಕಾರಿ ಹೆಚ್ಚುತ್ತ ಕೂತು, ಯಾರಿಗೂ ಕಾಣದ ಹಾಗೆ ಹೊರಟುಬಿಡುತ್ತಿದ್ದಳು.

ನಮ್ಮ ಮನೆಯ ವಾಡಿಕೆಯಲ್ಲಿ ಚಪ್ಪರದ ದಿನ ಹೆಣ್ಣಿಗೆ ಮೊದಲ ಅರಿಶಿನ ಹಚ್ಚುವವಳು ಸೋದರತ್ತೆ. ಸವಿತ ಹಠ ಹಿಡಿದಳು. "ಅತ್ತೆನೇ ಹಚ್ಬೇಕು ಅಪ್ಪ. ಮಾವ ಹೋದ್ರು ಅಂತ ಅತ್ತೆ ಕೈ ಬೇರೆ ಆಗೋಯ್ತಾ?" ಅಂದಳು. ನನ್ನ ಹೆಂಡತಿ ಜಯಮ್ಮ ಮೊದಲು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, "ನಂಗೇನು ಬ್ಯಾಡ್ವಾ? ಜನ ಆಡ್ಕೋತಾರಲ್ಲ ಅಂತ ಅಷ್ಟೇ" ಅಂದಳು. ನನಗೆ ಸಿಟ್ಟು ಬಂತು. ಜನರ ಬಾಯಿಗೆ ಬೀಗ ಹಾಕಲು ಆಗುವುದಿಲ್ಲ, ಹಚ್ಚುವುದು ನನ್ನ ಅಕ್ಕನೇ ಅಂತ ಕಡ್ಡಿ ಮುರಿದ ಹಾಗೆ ಹೇಳಿದೆ. ಆಗ ಜಯಮ್ಮ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಹಂಗಾದ್ರೆ ಇಬ್ರೂ ಅವರ ಮನೆಗೇ ಹೋಗಿ, ಎದುರಿಗೆ ಕೂತು ಹೇಳ್ಬೇಕು ರೀ. ಚೆಲುವಕ್ಕ ತಾನಾಗೇ ಮುಂದೆ ಬಂದು ನಿಲ್ಲೋ ಹೆಂಗಸಲ್ಲ. ನೀವು ಹೋಗಿ ಕರೀದಿದ್ರೆ, ತಾಳಿ ಇಲ್ದೋಳು ಅಂತ ತಮ್ಮನೇ ದೂರ ಇಟ್ಟ ಅಂದ್ಕೋತಾರೆ."

"ಹೋಗೋಣ. ಅದು ಬಿಟ್ಟು ಬೇರೆ ಕೆಲಸ ಏನಿದೆ?" ಅಂದೆ.

ಬೇರೆ ಕೆಲಸ ಏನಿತ್ತು ಅನ್ನುವುದು ಪತ್ರಿಕೆ ಅಚ್ಚಾಗಿ ಬಂದ ಮೇಲೆ ತಿಳಿಯಿತು. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂದವರು, ಪತ್ರಿಕೆ ಹಂಚಿ ನೋಡು ಅಂತಲೂ ಸೇರಿಸಬೇಕಿತ್ತು. ನಮ್ಮಲ್ಲಿ ಕರೆಯುವುದು ಅಂದರೆ ಕಾಗದ ಕೊಡುವುದಲ್ಲ. ಮನೆಗೆ ಹೋಗಬೇಕು, ಮನೆಯ ಹೆಂಗಸರಿಗೆ ಕುಂಕುಮ ಕೊಡಬೇಕು, ಯಜಮಾನನ ಕೈಗೆ ಪತ್ರಿಕೆ ಇಟ್ಟು, "ಮನೆಮಂದಿ ಎಲ್ಲ ಬಂದು ನಿಂತು ನಡೆಸಿಕೊಡಬೇಕು" ಅನ್ನಬೇಕು. ಅಂಚೆಯಲ್ಲಿ ಕಳಿಸಿದರೆ ಅವಮಾನ, ಬೇರೆಯವರ ಕೈಲಿ ಕಳಿಸಿದರೆ ಅದಕ್ಕಿಂತ ದೊಡ್ಡ ಅವಮಾನ. ಜಯಮ್ಮ ಹಪ್ಪಳ ಸಂಡಿಗೆಯ ನಡುವೆ ಸಿಕ್ಕಿಹಾಕಿಕೊಂಡಿದ್ದಳು. ನಾನು ಪತ್ರಿಕೆಗಳನ್ನು ನೆಲದ ಮೇಲೆ ಹರವಿಕೊಂಡು, ಕಾಗದಗಳನ್ನು ಬೀಟಿನ ಪ್ರಕಾರ ವಿಂಗಡಿಸುತ್ತಿದ್ದ ಹಾಗೆ ದಾರಿಯ ಪ್ರಕಾರ ವಿಂಗಡಿಸಿ, ಒಂದೊಂದು ಕಟ್ಟಿಗೂ ದಾರ ಕಟ್ಟಿದೆ. ಹಾಸನದ್ದು ಒಂದು, ಶಾಂತಿಗ್ರಾಮ ಚನ್ನರಾಯಪಟ್ಟಣ ಹಿರೀಸಾವೆಗೆ ಸೇರಿ ಒಂದು, ಅರಕಲಗೂಡಿನದು ಒಂದು. ಊರೊಳಗಿನದಕ್ಕೆ ನಂಜಪ್ಪನ ಮೊಪೆಡ್ಡು. ಅಕ್ಕನ ಪತ್ರಿಕೆಯನ್ನು ಯಾವ ಕಟ್ಟಿಗೂ ಸೇರಿಸದೆ ಬೇರೆ ಇಡೋಣ ಅಂದುಕೊಂಡೆ. ಕೊನೆಗೆ ಅರಕಲಗೂಡಿನ ಕಟ್ಟಿನಲ್ಲೇ ಸೇರಿಸಿದೆ. ದಾರಿ ಅದೇ ಅಲ್ಲವೇ ಅಂತ.

ಆ ವರ್ಷದ ಬಿಸಿಲನ್ನು ಕೇಳಬೇಡಿ. ಹಾಸನದಲ್ಲಿ ಎರಡು ದಿನ ಅಲೆದೆ. ಎಲ್ಲಿ ನೋಡಿದರೂ ಹೊಸ ಬಡಾವಣೆ, ಹೊಸ ಅಡ್ಡರಸ್ತೆ. ಊರಿಗೆಲ್ಲ ವಿಳಾಸ ಹುಡುಕಿಕೊಟ್ಟವನು ನನ್ನ ನೆಂಟರ ಮನೆಗಳನ್ನೇ ಹುಡುಕಲಾರದೆ ಅಂಗಡಿಯವರನ್ನು ಕೇಳುತ್ತ ತಿರುಗಿದೆ. ಹೋದ ಮನೆಯಲ್ಲೆಲ್ಲ ಕಾಫಿ. ನನಗೆ ಸಕ್ಕರೆ ಕಾಯಿಲೆ, ಡಾಕ್ಟರು ಬೈದಿದ್ದಾರೆ ಅಂದರೆ, "ಮಗಳ ಮದ್ವೆ ಕರೆಯಕ್ಕೆ ಬಂದು ಬಾಯಿ ಸಿಹಿ ಮಾಡ್ಕೊಳ್ದೆ ಹೋಗ್ತೀರಾ?" ಶಾಂತಿಗ್ರಾಮದಲ್ಲಿ ಉಪ್ಪಿಟ್ಟು, ಚನ್ನರಾಯಪಟ್ಟಣದಲ್ಲಿ ಮತ್ತೆ ಉಪ್ಪಿಟ್ಟು. ಅಲ್ಲೊಬ್ಬ ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಪತ್ರಿಕೆಯ ಮೊದಲಿನಿಂದ ಕೊನೆಯ ಅಚ್ಚುಕೂಟದ ಹೆಸರಿನವರೆಗೂ ಗಟ್ಟಿಯಾಗಿ ಓದಿ, ತನ್ನ ಹೆಸರು ಸುಖಾಗಮನ ಬಯಸುವವರಲ್ಲಿ ನಾಲ್ಕನೆಯದಾಗಿದೆ ಅಂತ ಮುನಿಸಿಕೊಂಡ. ಅವನನ್ನು ಸಮಾಧಾನ ಮಾಡುವಷ್ಟರಲ್ಲಿ ಹಿರೀಸಾವೆಯ ಬಸ್ಸು ಹೋಯಿತು. ಹಿರೀಸಾವೆಯಲ್ಲಿ ಹೆದ್ದಾರಿ ಪಕ್ಕದ ಹೋಟೆಲಿನ ಬೆಂಚಿನ ಮೇಲೆ ಕೂತು ಚಪ್ಪಲಿ ಬಿಚ್ಚಿ ನೋಡಿದರೆ ಹಿಮ್ಮಡಿಯಲ್ಲಿ ಬೊಬ್ಬೆ. ಕೆಲಸದಲ್ಲಿದ್ದಾಗ ಇದಕ್ಕಿಂತ ಹೆಚ್ಚು ನಡೆದಿದ್ದೇನೆ. ಆಗ ಮಾತಾಡಬೇಕಾಗಿರಲಿಲ್ಲ, ಅದಕ್ಕೇ ಇಷ್ಟು ದಣಿವಾಗುತ್ತಿರಲಿಲ್ಲ ಅನ್ನಿಸುತ್ತದೆ.

ಮನೆಗೆ ಬಂದು ಕಾಲು ಚಾಚಿದರೆ ನಂಜಪ್ಪ ನಗುತ್ತಿದ್ದ. "ಓದ ಪುಟ್ಟ ಬಂದ ಪುಟ್ಟ ಅಂತ ಸುಮ್ನೆ ಅಂದ್ರೇನಯ್ಯ?"

ಅರಕಲಗೂಡಿಗೆ ಹೋದದ್ದು ಕಡೆಗೆ. ಮದುವೆಗೆ ಇನ್ನೂ ಇಪ್ಪತ್ತೈದು ದಿನವಿತ್ತು. ಹೊರಡುವಾಗ ಜಯಮ್ಮ, "ಇವತ್ತು ಪೇಟೆ ಮನೆಗಳನ್ನ ಮುಗಿಸಿ. ಚೆಲುವಕ್ಕನ ಮನೆಗೆ ಬರೋ ಸೋಮ್ವಾರ ಇಬ್ರೂ ಹೋಗೋಣ" ಅಂದಳು. ಹೂಂ ಅಂದೆ. ಪೇಟೆಯ ಮನೆಗಳು ಮುಗಿಯುವಾಗ ಮಧ್ಯಾಹ್ನ ಎರಡು ಗಂಟೆ. ಬಸ್ ಸ್ಟ್ಯಾಂಡಿಗೆ ಕಾಲೆಳೆದುಕೊಂಡು ಬಂದೆ. ನೋಡಿದರೆ, ನೆರಳಿನ ಕಟ್ಟೆಯ ಮೇಲೆ ಅಕ್ಕ ಕೂತಿದ್ದಾಳೆ. ಪಕ್ಕದಲ್ಲಿ ಒಂದು ಕೈಚೀಲ. ಕಣ್ಣಿನ ಡಾಕ್ಟರ ಹತ್ತಿರ ಬಂದಿದ್ದಳಂತೆ, ಅವಳ ಊರಿನ ಕಡೆಯ ಬಸ್ಸಿಗೆ ಕಾಯುತ್ತಿದ್ದಳು.

"ಏನ್ಲಾ ಪುಟ್ಟ, ಇಂಗ್ ಕರ್ರಗಾಗೋಗಿದೀಯ!" ಅಂದವಳೇ ಸೆರಗಿನಿಂದ ನನ್ನ ಮುಖ ಒರೆಸಿದಳು. ಅರುವತ್ತರ ಹತ್ತಿರದ ಗಂಡಸಿಗೆ ಬಸ್ ಸ್ಟ್ಯಾಂಡಿನಲ್ಲಿ ಮುಖ ಒರೆಸುವವರು ಬೇರೆ ಯಾರಿದ್ದಾರೆ ಹೇಳಿ.

ನನ್ನ ಬ್ಯಾಗಿನಲ್ಲಿ ಉಳಿದಿದ್ದದ್ದು ಒಂದೇ ಪತ್ರಿಕೆ, ಅವಳದು. ಆಗ ನನ್ನ ತಲೆಯಲ್ಲಿ ಬಂದದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಪೋಸ್ಟ್‌ಮ್ಯಾನ್‌ಗಳಿಗೆಲ್ಲ ಒಂದು ಅಭ್ಯಾಸ ಇರುತ್ತದೆ. ಮೂರು ಮೈಲಿ ದೂರದ ಮನೆಯವನ ಕಾಗದ ಕೈಯಲ್ಲಿದ್ದು, ಅವನೇ ಸಂತೆಯಲ್ಲೋ ಗದ್ದೆಯ ಬದುವಿನಲ್ಲೋ ಎದುರಾದರೆ, ಅಲ್ಲೇ ಕರೆದು ಕೊಟ್ಟುಬಿಡುವುದು. ಕೈಗೆ ಮುಟ್ಟಿದರೆ ತಲುಪಿದ ಹಾಗೆ. ಅವನಿಗೂ ಸಂತೋಷ, ನಮಗೂ ಅಷ್ಟು ನಡಿಗೆ ಉಳಿಯಿತು. ಮೂವತ್ತೈದು ವರ್ಷ ಮಾಡಿದ್ದನ್ನು ನನ್ನ ಕೈ ಆವತ್ತೂ ಮಾಡಿತು. ಬ್ಯಾಗಿನಿಂದ ಪತ್ರಿಕೆ ತೆಗೆದು, "ತಗೋ ಅಕ್ಕ, ಸವಿತನ ಲಗ್ನಪತ್ರಿಕೆ. ಒಳ್ಳೆ ಟೈಮಿಗೆ ಸಿಕ್ಕಿದೆ ಕಣೆ" ಅಂದೆ.

ಅಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ನನ್ನ ಮುಖ ನೋಡಿ, "ಮನೇಗ್ ಬರಲ್ವೇನ್ಲಾ?" ಅಂದಳು.

"ಬತ್ತೀನಿ ಬತ್ತೀನಿ. ಇನ್ನೊಂದಿನ ಜಯನೂ ಕರ್ಕೊಂಡು ಬತ್ತೀನಿ. ಇವತ್ತು ಸುಸ್ತಾಗಿದೆ."

ಅರಿಶಿನದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸುತ್ತ ಜನ ಇದ್ದರು. ಬ್ಯಾಗಿನೊಳಗೆ ಕೈಗೆ ಕುಂಕುಮದ ಭರಣಿ ತಗುಲಿತು. ತೆಗೆಯಲೋ ಬೇಡವೋ, ತೆಗೆದು ಏನು ಮಾಡಲಿ ಅಂತ ಗೊತ್ತಾಗದೆ ಕೈ ಈಚೆಗೆ ತೆಗೆದೆ. ಅದನ್ನು ಅಕ್ಕ ನೋಡಿದಳೋ ಇಲ್ಲವೋ, ನನಗೆ ತಿಳಿಯದು. ಅಷ್ಟರಲ್ಲಿ ನನ್ನ ಬಸ್ಸು ಬಂತು. ಕಿಟಕಿ ಪಕ್ಕ ಜಾಗ ಸಿಕ್ಕಿತು. ಬಸ್ಸು ತಿರುಗುವಾಗ ಅಕ್ಕ ಪತ್ರಿಕೆ ಹಿಡಿದ ಕೈಯನ್ನೇ ಎತ್ತಿ ಆಡಿಸಿದಳು.

ಮನೆಗೆ ಬಂದು ಕರೆಯಬೇಕಾದವರ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗೀಟು ಹಾಕಿದೆ. ಜಯಮ್ಮ ನೋಡಿದಳು.

"ಚೆಲುವಕ್ಕನಿಗೆ ಆಯ್ತು ಅಂದ್ರೆ? ಹೋಗಿದ್ರಾ?"

"ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ಲು. ಕೊಟ್ಟೆ."

"ಬಸ್ ಸ್ಟ್ಯಾಂಡಲ್ಲಾ?" ಅವಳು ಹಿಟ್ಟಿನ ಕೈಯನ್ನೇ ಹಣೆಗೆ ಹೊಡೆದುಕೊಂಡಳು. "ನಿಮ್ಗೆ ಬುದ್ಧಿ ಇದೆಯಾ? ಅರಿಶಿನದ ವಿಷ್ಯ ಹೇಳಿದ್ರಾ?"

"ಸೋಮವಾರ ಹೋಗಿ ಹೇಳಿದರಾಯ್ತು."

ಸೋಮವಾರ ಅಡುಗೆಯವರು ಬಂದು ಪಟ್ಟಿ ಬರೆಸಿಕೊಂಡು ಕೂತರು. ಮುಂದಿನ ಸೋಮವಾರ ನನಗೆ ಜ್ವರ, ಬಿಸಿಲಿನ ಜ್ವರ. ಆಮೇಲೆ ಒಂದು ದಿನ ಹೊರಟೇಬಿಟ್ಟಿದ್ದೆವು, ಬೀಗರ ಕಡೆಯವರು ಛತ್ರ ನೋಡಲು ಬಂದರು. ಅವರನ್ನು ಬಿಟ್ಟು ಹೋಗಲು ಆದೀತೇ? ಹೀಗೆ ನೆವಗಳಿಗೆ ಬರವಿರಲಿಲ್ಲ. ಆದರೆ ನಿಜ ಹೇಳಬೇಕೆಂದರೆ, ನೆವ ಸಿಕ್ಕಾಗಲೆಲ್ಲ ನನಗೆ ಒಳಗೊಳಗೇ ಹಾಯೆನಿಸುತ್ತಿತ್ತು. ಮತ್ತೆ ಬಸ್ಸು ಹತ್ತಬೇಕು, ಮತ್ತೆ ಆ ಎರಡು ಮೈಲಿ ನಡೆಯಬೇಕು ಅಂತ ನೆನೆಸಿಕೊಂಡರೆ ಮೊಣಕಾಲು ಅಲ್ಲೇ ನೋಯುತ್ತಿತ್ತು. ಜಯಮ್ಮ ಮೂರನೇ ಸಲ ಜ್ಞಾಪಿಸಿದಾಗ ರೇಗಿದೆ. "ಕೈಗೆ ಮುಟ್ಟಿದೆ ಅಂದ್ನಲ್ಲ! ಅವಳೇನು ಹೊರಗಿನೋಳಾ? ನನ್ನಕ್ಕ. ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಚಪ್ಪರದ ದಿನ ಬಂದಾಗ ಹೇಳಿದ್ರಾಯ್ತು." ಜಯಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ಅವಳಿಗೂ ಸಾಕಾಗಿತ್ತು.

ಚಪ್ಪರದ ದಿನ ಬಂತು. ಬೆಳಿಗ್ಗೆ ಏಳರಿಂದಲೇ ಬಸ್ಸಿನ ಸದ್ದಾದರೆ ನನ್ನ ಕಿವಿ ಅತ್ತ. ಎಂಟರ ಬಸ್ಸಿನಲ್ಲಿ ತಮ್ಮನ ಮನೆಯವರು ಇಳಿದರು. ಒಂಬತ್ತರ ಬಸ್ಸಿನಲ್ಲಿ ಅರಕಲಗೂಡಿನ ಪೇಟೆಯ ನೆಂಟರೆಲ್ಲ ಇಳಿದರು. ಅಕ್ಕ ಇಲ್ಲ. ಹಿಂದಿನ ದಿನವೇ ಬಂದು ಉಳಿಯಬೇಕಾದವಳು, ಇಷ್ಟು ಹೊತ್ತಾದರೂ ಬಂದಿಲ್ಲ. ನಾನೇ ಹೋಗೋಣ ಅಂದರೆ ಚಪ್ಪರ ಹಾಕುವವರು, ಪೂಜೆಯವರು, ಬೀಗರ ಕಡೆಯವರು, ಎಲ್ಲರಿಗೂ ನಾನೇ ಬೇಕು. ನಂಜಪ್ಪನನ್ನು ಕರೆದು, "ಹೆಂಗಾದ್ರೂ ಮಾಡಿ ಕರ್ಕೊಂಡು ಬಾರಯ್ಯ. ಅರಿಶಿನ ಅವಳೇ ಹಚ್ಬೇಕು ಅಂತ ಹೇಳು. ಸವಿತ ಕಾಯ್ತಿದಾಳೆ ಅಂತ ಹೇಳು" ಅಂದೆ. ಅವನು ತಿಂಡಿಯನ್ನೂ ತಿನ್ನದೆ ಮೊಪೆಡ್ ಹತ್ತಿದ.

ಹನ್ನೊಂದಕ್ಕೆ ಆಗಬೇಕಿದ್ದ ಅರಿಶಿನ ಹನ್ನೆರಡಾಯಿತು, ಒಂದಾಯಿತು. ದೊಡ್ಡವರು ಗೊಣಗಲು ಶುರುಮಾಡಿದರು. ಸವಿತ ಕೋಣೆಯಿಂದ ಈಚೆ ಬರಲಿಲ್ಲ. ಎರಡು ಗಂಟೆಗೆ ಮೊಪೆಡ್ಡಿನ ಸದ್ದಾಯಿತು. ನಂಜಪ್ಪನ ಹಿಂದಿನ ಸೀಟು ಖಾಲಿಯಿತ್ತು.

ಅವನನ್ನು ಚಪ್ಪರದ ಹಿಂದಕ್ಕೆ ಎಳೆದುಕೊಂಡು ಹೋದೆ. ನಂಜಪ್ಪ ಮುಖ ಒರೆಸಿಕೊಂಡು ಹೇಳಿದ. "ಆಯಮ್ಮ ಮನೇಲೇ ಇದ್ರು ಕಣಯ್ಯ. ಮಜ್ಜಿಗೆ ಕೊಟ್ರು. ಕೋಪ ಗೀಪ ಏನಿಲ್ಲ. 'ಅವನಾಗಿ ಬರ್ನಿಲ್ಲ ಅಂದ್ರೆ ಏನೋ ಕಾರ್ಣ ಇರ್ತದೆ ಕಣಪ್ಪ. ಬೀಗ್ರ ಕಡೆಯೋರು ಏನಾರ ಅಂದಿರ್ಬೋದು. ನಾನಾಗ್ ನಾನೇ ಬಂದು ಮುಂದೆ ನಿಂತ್ಕಂಡ್ರೆ ಅವನ್ಗೇ ಮುಜುಗರ. ಮಗಿಗೆ ಒಳ್ಳೇದಾಗ್ಲಿ' ಅಂದ್ರು."

"ಅರಿಶಿನದ ಮಾತು ಹೇಳಿದೆಯಾ?"

"ಹೇಳ್ದೆ. ಅದುಕ್ಕೆ, 'ನೀನ್ ಹೇಳ್ತಿದೀಯ, ಅವನ್ ಹೇಳ್ನಿಲ್ವಲ್ಲ' ಅಂದ್ರು."

ಜಯಮ್ಮ ಹೇಳಿದ್ದೇ ಆಯಿತು. ಕರೆಯುವುದರಲ್ಲಿ ನಾನು ಸೋಮಾರಿತನ ಮಾಡಿದೆ. ಅಕ್ಕ ಅದನ್ನು ಸೋಮಾರಿತನ ಅಂದುಕೊಳ್ಳಲೇ ಇಲ್ಲ. ಗಂಡ ಸತ್ತವಳನ್ನು ತಮ್ಮ ಬಸ್ ಸ್ಟ್ಯಾಂಡಿನಲ್ಲೇ ಕರೆದು ಕೈ ತೊಳೆದುಕೊಂಡ ಅಂದುಕೊಂಡಳು. ಅಂದುಕೊಂಡರೂ ನನಗೆ ಮುಜುಗರವಾಗಬಾರದು ಅಂತ ಮನೆಯಲ್ಲೇ ಉಳಿದಳು. ನಾನು ಅಲ್ಲೇ ಚಪ್ಪರದ ಕಂಬ ಹಿಡಿದುಕೊಂಡು ನಿಂತೆ. ನಾಚಿಕೆಗೂ ದಣಿವಿಗೂ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಕೊನೆಗೆ ಸವಿತ ತಾನೇ ಎದ್ದು ಬಂದು ಹಸೆಯ ಮೇಲೆ ಕೂತಳು. ಮೊದಲ ಅರಿಶಿನ ಹಚ್ಚಿದವಳು ಜಯಮ್ಮನ ತಂಗಿ. ಶಾಸ್ತ್ರ ಮುಗಿದು ನಾನು ಅಕ್ಷತೆ ಹಾಕಲು ಬಗ್ಗಿದಾಗ ಸವಿತ ತಲೆಯೆತ್ತಿ ಮೆಲ್ಲಗೆ, "ಅಪ್ಪ, ಊರಿನ ಎಲ್ಲಾರ ಮನೆಗೂ ನೀನು ಹೋಗಿದ್ದೆ ಅಲ್ವಾ?" ಅಂದಳು. ಅಷ್ಟೇ. ಬೇರೆ ಏನೂ ಅನ್ನಲಿಲ್ಲ, ಮಾರನೇ ದಿನ ಮದುವೆ ಮುಗಿದು ಗಂಡನ ಮನೆಗೆ ಹೋಗುವಾಗಲೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬೀಗರ ಔತಣ ಮುಗಿಸಿ, ಪಾತ್ರೆಪಡಗ ಹಿಂತಿರುಗಿಸಿ, ಐದನೇ ದಿನ ಅರಕಲಗೂಡಿನ ಬಸ್ಸು ಹತ್ತಿದೆ. ಜಯಮ್ಮ ಬರುತ್ತೇನೆ ಅಂದಳು, ನಾನೇ ಬೇಡವೆಂದೆ. ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ, ಇಳಿದು, ಎರಡು ಮೈಲಿ ನಡೆದೆ. ನಡೆದರೆ ಎಷ್ಟು ಹೊತ್ತು? ಮುಕ್ಕಾಲು ಗಂಟೆ. ಇಷ್ಟಕ್ಕೇ ನಾನು ಇಷ್ಟು ದಿನ ಲೆಕ್ಕ ಹಾಕಿದೆನೇ ಅಂತ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಕ್ಕ ಜಗುಲಿಯ ಮೇಲೆ ಕೂತು ಹುಣಸೇಹಣ್ಣಿನ ಬೀಜ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, "ಬನ್ನಿ, ಕೂತ್ಕಳಿ" ಅಂದಳು.

ಹುಟ್ಟಿದಾಗಿನಿಂದ ನನ್ನನ್ನು ಲೋ, ಲೇ, ಪುಟ್ಟ ಅಂತ ಕರೆದವಳು. ಚೆಂಬಿನಲ್ಲಿ ನೀರು ತಂದಿಟ್ಟಳು. ಕಾಲು ತೊಳೆದುಕೊಂಡು ಕೂತೆ. ಮದುವೆ ಚೆನ್ನಾಗಿ ಆಯಿತಾ, ಬೀಗರು ಒಳ್ಳೆಯವರಾ, ಹುಡುಗಿ ಅತ್ತಳಾ ಅಂತ ಒಂದೊಂದಾಗಿ ಕೇಳಿದಳು. ದೂರದ ನೆಂಟರು ಕೇಳುವ ಹಾಗೆ ಕೇಳಿದಳು, ನಾನೂ ಹಾಗೆಯೇ ಹೇಳಿದೆ. "ಹೊತ್ತಾಯ್ತು, ಅಡ್ಗೆ ಮಾಡ್ತೀನಿ" ಎಂದು ಒಳಗೆ ಹೋದಳು.

ಪಕ್ಕದ ಮನೆಯ ತಾಯಮ್ಮ ಮೊರ ಹಿಂತಿರುಗಿಸಲು ಬಂದವಳು ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ನಾನು ಅಲ್ಲಿ ಇರುವಾಗಿನಿಂದ ಗೊತ್ತಿದ್ದವಳು. ಬಾಯಿ ಜೋರು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ.

"ಅಂತೂ ಬಂದ್ರಾ ಪೋಸ್ಟಣ್ಣ? ಒಸಿ ಮುಂಚೆ ಬಂದಿದ್ರೆ ನಿಮ್ಮಕ್ಕ ಸಂತೆಗಾದ್ರೂ ಓಗ್ತಿತ್ತು."

"ಯಾಕೆ, ಸಂತೆಗೆ ಯಾಕೆ ಹೋಗಲಿಲ್ಲ?"

"ಅಯ್ಯೋ, ಅದೇನ್ ಕೇಳ್ತೀರಿ? ಆ ಲಗ್ನಪತ್ರಿಕೆ ಇಡ್ಕಂಡು ಬಂದ ದಿನದಿಂದ ಈ ಜಗ್ಲಿ ಬುಟ್ಟು ಕದಲ್ನಿಲ್ಲ. ಸಂತೆಗೆ ಬಾರವ್ವ ಅಂದ್ರೆ ಇಲ್ಲ, ಅವ್ರ ಓರಗಿತ್ತಿ ಮೊಮ್ಮಗಿನ ನಾಮ್ಕರಣಕ್ಕೂ ಇಲ್ಲ. ಕಣ್ ಡಾಕ್ಟ್ರು ಅದಿನೈದು ದಿನ ಬುಟ್ಟು ಬಾ ಅಂದಿದ್ರಂತೆ, ಅದುಕ್ಕೂ ಓಗ್ನಿಲ್ಲ. ಮನೆಗೆ ಬೀಗ ಆಕ್ಬುಟ್ಟು ಅರ್ಧ ದಿನ ಓಗ್ಬಂದ್ರೆ ಏನಾಯ್ತದೆ ಅಂತ ನಾನೇ ಬೈದೆ. 'ನಮ್ ಪುಟ್ಟ ಬತ್ತೀನಿ ಅಂದವ್ನೆ ಕಣೇ. ಅವನು ಪೋಸ್ಟ್‌ಮ್ಯಾನು. ಬೀಗ ಕಂಡ್ರೆ ಕಾಯಾಕಿಲ್ಲ, ಆಸಾಮಿ ಇಲ್ಲ ಅಂತ ಬರ್ಕಂಡು ತಿರ್ಗಿ ಒಂಟೋಯ್ತಾನೆ' ಅಂತಿತ್ತು. ಚಪ್ಪರದ್ ದಿನ ಆ ಮೊಪೆಡ್ ಸದ್ದಾದಾಗ ನೀವೇ ಬಂದ್ರಿ ಅಂತ ಸೀರೆ ಬದ್ಲಾಯಿಸ್ಕಂಡು ಓಡ್ಬಂತು ಕಣಪ್ಪ."

ಮೊರ ಇಟ್ಟು ತಾಯಮ್ಮ ಹೊರಟುಹೋದಳು. ನಾನು ಆ ಹುಣಸೇಹಣ್ಣಿನ ರಾಶಿಯ ಪಕ್ಕದಲ್ಲಿ ಕೂತೇ ಇದ್ದೆ. ಒಳಗಿನಿಂದ ಅಕ್ಕ ಕರೆದಳು. ತಟ್ಟೆ ಇಟ್ಟಿದ್ದಳು, ಮುದ್ದೆ, ಸೊಪ್ಪಿನ ಸಾರು. ಎದುರಿಗೆ ಗೋಡೆಗೊರಗಿ ಕೂತಳು. ಒಂದು ಕಣ್ಣು ಕೆಂಪಗಿತ್ತು, ನೀರು ಸೋರುತ್ತಿತ್ತು. ಅಳುತ್ತಿರಲಿಲ್ಲ, ಔಷಧಿ ಬಿಡದೆ ಹಾಗಾಗಿತ್ತು.

"ಅಕ್ಕ, ನನಗೆ ಸುಸ್ತಾಗಿತ್ತು. ಅಷ್ಟೇ ಕಣಕ್ಕ. ಯಾರೂ ಏನೂ ಅಂದಿರಲಿಲ್ಲ. ಬೀಗರೂ ಅನ್ನಲಿಲ್ಲ, ಜಯನೂ ಅನ್ನಲಿಲ್ಲ. ಅರಿಶಿನ ನೀನೇ ಹಚ್ಚಬೇಕು ಅಂತ ಪತ್ರಿಕೆ ಅಚ್ಚಾಗೋಕೆ ಮುಂಚೆಯೇ ಅಂದ್ಕೊಂಡಿದ್ವಿ. ನಡೆಯೋಕೆ ಬೇಜಾರಾಗಿ ನಾನೇ ಬರಲಿಲ್ಲ. ಬೈಯಿ ಅಕ್ಕ. ಏನಾದರೂ ಅನ್ನು."

ಅಕ್ಕ ಸೌಟು ತೆಗೆದುಕೊಂಡು ಮುದ್ದೆಯ ಮೇಲೆ ಇನ್ನೊಂದಿಷ್ಟು ಸಾರು ಬಿಟ್ಟಳು.

"ಬೈಯಕ್ಕೂ ತ್ರಾಣ ಇಲ್ಲ ಕಣ್ಲಾ. ನೀನು ನಡ್ದು ನಡ್ದು ಸುಸ್ತಾದೆ, ನಾನು ಬಾಗ್ಲು ತಕ್ಕಂಡು ಕೂತು ಕೂತು ಸುಸ್ತಾದೆ. ಉಣ್ಣು, ಸಾರು ಆರೋಯ್ತದೆ."

ತಲೆ ತಗ್ಗಿಸಿಕೊಂಡು ಉಂಡೆ.